ಹಲ್ಲಿಗೆ ಬ್ರ್ಯಾಕೆಟ್ ಕೂರಿಸೋಕೆ ಯಾವ ಗೇಜ್, ಯಾವ ಟ್ರೇ? ನಮ್ಮ ಕಡೆಯ ಕ್ಲಿನಿಕ್‌ಗಳಿಗೆ ಒಂದು ಹೋಲಿಕೆ

ಹೋದ ವರ್ಷ ಕೊಪ್ಪಳದ ಕ್ಲಿನಿಕ್‌ನಲ್ಲಿ ಒಬ್ಬ ತಾಯಿ ಮಗಳ ಗದ್ದ ಹಿಡಿದು ನನ್ನ ಕಡೆ ತಿರುಗಿಸಿದರು. "ಎಲ್ಲಾ ಹಲ್ಲು ಸಾಲಿಗೆ ಬಂದಾವ್ರಿ ಡಾಕ್ಟ್ರೇ, ಇದೊಂದು ಯಾಕ ಗಿಡ್ಡ ಕಾಣಾಕತ್ತೈತಿ?" ಅಂದರು. ಅವರು ತೋರಿಸಿದ್ದು ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೇ ಬಾಚಿಹಲ್ಲು. ಬಲಗಡೆಯ ಜೋಡಿ ಹಲ್ಲಿಗೆ ಗೇಜ್, ಅಂದರೆ ಬ್ರ್ಯಾಕೆಟ್ ಎಷ್ಟು ಎತ್ತರದಲ್ಲಿದೆ ಅಂತ ಅಳೆಯೋ ಉಪಕರಣ, ಇಟ್ಟೆ. ಹಲ್ಲಿನ ಅಂಚಿನಿಂದ ಬ್ರ್ಯಾಕೆಟ್‌ನ (ಹಲ್ಲಿಗೆ ಅಂಟಿಸೋ ಕ್ಲಿಪ್‌ನ ಪುಟ್ಟ ತುಂಡು) ಸ್ಲಾಟ್‌ವರೆಗೆ, ಅಂದರೆ ವೈರ್ ಕೂರೋ ಸೀಳಿನವರೆಗೆ, ಸರಿಯಾಗಿ 4.5 ಮಿ.ಮೀ. ಎಡಗಡೆ ಇಟ್ಟೆ, 4 ಕೂಡ ಇರಲಿಲ್ಲ. ನಡುವೆ ಒಮ್ಮೆ ಆ ಬ್ರ್ಯಾಕೆಟ್ ಬಿದ್ದಿತ್ತು, ಸಂಜೆಯ ಬಸ್ ಹಿಡಿಯೋ ಅವಸರದಲ್ಲಿ ನಾನೇ ಗೇಜ್ ತೆಗೆಯದೆ ಕಣ್ಣಳತೆಯಲ್ಲಿ ವಾಪಸ್ ಅಂಟಿಸಿದ್ದೆ. ಬ್ರ್ಯಾಕೆಟ್ ಅಂಚಿಗೆ ಹತ್ತಿರ ಕೂತಿದ್ದರಿಂದ ವೈರ್ ಆ ಹಲ್ಲನ್ನು ಒಸಡಿನ ಕಡೆ ತಳ್ಳಿತ್ತು. ವೈರ್‌ದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನೇ ಅದು ಮಾಡಿದೆ.

ಆ ತಾಯಿ ಗಿಡ್ಡ ಅಂತ ಗುರುತಿಸಿದ್ದು ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ ವ್ಯತ್ಯಾಸ, ಅಷ್ಟೇ. ಯಾವ ಉಪಕರಣವೂ ಇಲ್ಲದೆ, ಬರೀ ಮಗಳ ನಗು ನೋಡಿ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬಳ್ಳಾರಿ, ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು ಅಂತ ಬ್ಯಾಗ್ ಹೊತ್ತು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಓಡಾಡುವ ಆರ್ಥೊಡಾಂಟಿಸ್ಟ್‌ಗಳಿಗೆ (ಹಲ್ಲು ಸಾಲಿಗೆ ತರೋ ಡಾಕ್ಟರಿಗೆ), ಓದು ಮುಗಿಸಿ ಈಗಷ್ಟೇ ಸ್ವಂತ ಸೆಟ್ ಕೊಳ್ಳೋಕೆ ಹೊರಟವರಿಗೆ. ಕ್ಲಿಪ್ ಹಾಕಿಸಿಕೊಳ್ಳುವವರು ಓದಿದರೂ ನಷ್ಟವಿಲ್ಲ, ನಿಮ್ಮ ಬಾಯೊಳಗೆ ಡಾಕ್ಟರು ಕಡ್ಡಿಯಂಥದ್ದೊಂದು ಇಟ್ಟು ಏನು ಅಳೆಯುತ್ತಾರೆ ಅಂತ ಗೊತ್ತಾಗುತ್ತದೆ.

ಮೊದಲು ಒಂದು ವಿಷಯ. ಎಡ್ವರ್ಡ್ ಆಂಗಲ್ 1928ರಲ್ಲಿ ಎಡ್ಜ್‌ವೈಸ್ ಬ್ರ್ಯಾಕೆಟ್ ಕೊಟ್ಟಾಗ ಎಲ್ಲಾ ಹಲ್ಲಿಗೂ ಹೆಚ್ಚುಕಮ್ಮಿ ಒಂದೇ ಥರದ ಬ್ರ್ಯಾಕೆಟ್, ವೈರನ್ನು ಮಾತ್ರ ಒಂದೊಂದು ಹಲ್ಲಿಗೂ ಬೇರೆ ಬೇರೆ ಬಾಗಿಸಬೇಕಿತ್ತು. ಆಗ ಬ್ರ್ಯಾಕೆಟ್ ಚೂರು ಆಚೀಚೆ ಆದರೂ ವೈರ್‌ನಲ್ಲಿ ಸರಿದೂಗಿಸುತ್ತಿದ್ದರು. ಲಾರೆನ್ಸ್ ಆಂಡ್ರ್ಯೂಸ್ ಚಿಕಿತ್ಸೆಯೇ ಬೇಕಿಲ್ಲದ 120 ಒಳ್ಳೇ ಹಲ್ಲಿನ ಸಾಲುಗಳ ಮಾಡೆಲ್‌ಗಳನ್ನು (ಬಾಯಿಯ ಅಚ್ಚಿನಿಂದ ಮಾಡಿದ ಪ್ರತಿರೂಪ) ಅಳೆದು 1972ರಲ್ಲಿ ಸರಿಯಾದ ಹಲ್ಲುಸಾಲಿನ ಆರು ಲಕ್ಷಣಗಳನ್ನು ಬರೆದರು, ಅದರ ಬೆನ್ನಿಗೇ ಸ್ಟ್ರೈಟ್ ವೈರ್ ಬ್ರ್ಯಾಕೆಟ್ ಬಂತು. ಓರೆ, ಬಾಗು, ದಪ್ಪ ಎಲ್ಲಾ ಬ್ರ್ಯಾಕೆಟ್ ಒಳಗೇ ಕೂತವು. ವೈರ್ ನೆಟ್ಟಗೆ ಹೋಗುತ್ತದೆ. ಇವತ್ತು ನಾವೆಲ್ಲ ಹಾಕೋದು ಇದರ ಮಕ್ಕಳು ಮೊಮ್ಮಕ್ಕಳನ್ನೇ. ಅನುಕೂಲ ದೊಡ್ಡದು, ಆದರೆ ಅದಕ್ಕೊಂದು ಷರತ್ತಿದೆ: ಬ್ರ್ಯಾಕೆಟ್ ಹಲ್ಲಿನ ಮೇಲೆ ಎಲ್ಲಿರಬೇಕೋ ಅಲ್ಲೇ ಇರಬೇಕು. 0.022 ಇಂಚಿನ ಸ್ಲಾಟ್ ಅಂದರೆ 0.56 ಮಿ.ಮೀ. ಅರ್ಧ ಮಿಲಿಮೀಟರ್ ತಪ್ಪಿದರೆ ಹತ್ತಿರ ಹತ್ತಿರ ಇಡೀ ಸ್ಲಾಟ್‌ನಷ್ಟು ತಪ್ಪಿದ ಹಾಗೆ.

ಬ್ರ್ಯಾಕೆಟ್ ಮೂರು ರೀತಿಯಲ್ಲಿ ತಪ್ಪಬಹುದು. ಮೇಲೆ ಕೆಳಗೆ, ಅಂದರೆ ಎತ್ತರ. ಎಡ ಬಲ, ಅಂದರೆ ಹಲ್ಲಿನ ನಡು ಬಿಟ್ಟು ಪಕ್ಕಕ್ಕೆ. ಇನ್ನೊಂದು ಓರೆ. ಗೇಜ್ ಹೇಳೋದು ಎತ್ತರ ಮಾತ್ರ. ಉಳಿದ ಎರಡಕ್ಕೂ ಬಾಯಿಕನ್ನಡಿ, ಒಪಿಜಿ ಎಕ್ಸ್‌ರೇ (ಎಲ್ಲಾ ಹಲ್ಲೂ ಒಂದೇ ಚಿತ್ರದಲ್ಲಿ ಕಾಣೋದು), ಮತ್ತೆ ನಿಮ್ಮ ಕುರ್ಚಿಯ ಜಾಗ ಬೇಕು. ಪಕ್ಕದಲ್ಲಿ ಕೂತು ಓರೆನೋಟದಲ್ಲಿ ಅಂಟಿಸಿದರೆ ಎಷ್ಟು ದುಬಾರಿ ಗೇಜ್ ಇದ್ದರೂ ಬ್ರ್ಯಾಕೆಟ್ ಓರೆಯಾಗಿಯೇ ಕೂರುತ್ತದೆ. ಪೇಷೆಂಟ್ ತಲೆಯ ಹಿಂದೆ, 12 ಗಂಟೆಯ ಜಾಗಕ್ಕೆ ಬನ್ನಿ, ಕನ್ನಡಿ ಇಟ್ಟು ಹಲ್ಲಿನ ಅಂಚಿನ ಕಡೆಯಿಂದ ನೋಡಿ. ಪ್ರೀಮೋಲಾರ್ (ಕೋರೆಯ ಹಿಂದಿನ ಸಣ್ಣ ದವಡೆಹಲ್ಲು) ತಿರುಗಿದೆಯೋ ಇಲ್ಲವೋ ಅನ್ನೋದು ಆಗ ಕಾಣುತ್ತದೆ, ಎದುರಿನಿಂದ ನೋಡಿದರೆ ಕಾಣೋದೇ ಇಲ್ಲ.

ಈಗ ಉಪಕರಣಗಳಿಗೆ ಬರೋಣ.

ನಕ್ಷತ್ರದ ಗೇಜ್

ಕಾಲೇಜಿನಲ್ಲಿ ಬಹಳ ಜನರ ಕೈಗೆ ಮೊದಲು ಬರೋದು ಇದೇ, ಬೂನ್ ಗೇಜ್. ನಾಲ್ಕು ತೋಳು, 3.5, 4, 4.5, 5 ಮಿ.ಮೀ. ಮೆಟ್ಟಿಲಿನಂಥ ಭಾಗ ಹಲ್ಲಿನ ಅಂಚಿಗೆ ತಾಗಬೇಕು, ಮೊನೆ ಬ್ರ್ಯಾಕೆಟ್ ಸ್ಲಾಟ್‌ನಲ್ಲಿ ಕೂರಬೇಕು. ಅಗ್ಗ, ಸಣ್ಣದು, ಜೇಬಲ್ಲೂ ಹಿಡಿಸುತ್ತದೆ. ಒಂದೇ ಗೇಜ್‌ನಲ್ಲಿ ಮುಂದಿನ ಹಲ್ಲಿನ ಕೆಲಸ ಮುಗಿಯುತ್ತದೆ.

ತೊಂದರೆ ಹಿಂದಿನ ಹಲ್ಲಿಗೆ ಹೋದಾಗ ಶುರು. ನೀವು ಒಂದು ತೋಳು ಹಲ್ಲಿಗೆ ಇಟ್ಟರೆ ಉಳಿದ ಮೂರು ಕೆನ್ನೆಗೋ ತುಟಿಗೋ ಚುಚ್ಚುತ್ತವೆ. ಗೇಜ್ ಸರಿಯಾದ ಕೋನದಲ್ಲಿ ನಿಲ್ಲೋದಿಲ್ಲ, ವಾಲುತ್ತದೆ. ಗೇಜ್ ವಾಲಿದರೆ ಅಳತೆ ಸುಳ್ಳು. ಮೋಲಾರ್‌ಗೆ (ಹಿಂದಿನ ದೊಡ್ಡ ದವಡೆಹಲ್ಲಿಗೆ) ಬೇಕಾದ 2, 2.5, 3 ಇದರಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಕಹಿ ಅನುಭವ ಇದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ತರಿಸಿದ್ದೆ, ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಮೂರು ತಿಂಗಳು ಬಳಸಿದ ಮೇಲೆ ಕೋರೆಹಲ್ಲುಗಳು ಯಾಕೋ ಉದ್ದ ಇಳಿಯುತ್ತಿವೆ ಅನ್ನಿಸಿ ಡಿಜಿಟಲ್ ಕ್ಯಾಲಿಪರ್ ಇಟ್ಟು ನೋಡಿದರೆ, 5 ಅಂತ ಕೊರೆದಿದ್ದ ತೋಳು 5.4 ತೋರಿಸಿತು. ಅಂಚಿನಿಂದ ದೂರ ಕೂತ ಬ್ರ್ಯಾಕೆಟ್ ಹಲ್ಲನ್ನು ಹೊರಗೆ ಎಳೆಯುತ್ತದೆ, ಉದ್ದ ಕಂಡಿದ್ದು ಅದಕ್ಕೇ. ಅವತ್ತಿನಿಂದ ಯಾವ ಗೇಜ್ ಬಂದರೂ, ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಮೊದಲು ಕ್ಯಾಲಿಪರ್‌ಗೆ ಕೊಟ್ಟು ಆಮೇಲೆ ಬಾಯಿಗೆ ಇಡುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಕ್ಯಾಲಿಪರ್ ಆದರೂ ಸಾಕು. ಐದು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಪ್ಲಾಸ್ಟಿಕ್ ನಕ್ಷತ್ರ ಬೇಡ. ಉಪಕರಣ ಶುದ್ಧಿ ಮಾಡೋ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಪದೇಪದೇ ಹೋಗಿ ಬಂದರೆ ಹಲವು ಸೊಟ್ಟಗಾಗುತ್ತವೆ. ಕೊಂಡರೆ ಸ್ಟೀಲಿನದೇ ಕೊಳ್ಳಿ.

ಕಡ್ಡಿ ಗೇಜ್, ಅಂದರೆ ಎಂಬಿಟಿ ಸೆಟ್

ಮೆಕ್‌ಲಾಫ್ಲಿನ್, ಬೆನೆಟ್, ಟ್ರೆವಿಸಿ ಮೂವರ ಹೆಸರಿನ ಮೊದಲಕ್ಷರ ಸೇರಿ ಎಂಬಿಟಿ. ಸಣ್ಣ ಕಡ್ಡಿಗಳು, ಎರಡೂ ತುದಿಯಲ್ಲಿ ಅಳತೆ. ಒಂದು ಕಡ್ಡಿ 2 ಮತ್ತು 2.5, ಇನ್ನೊಂದು 3 ಮತ್ತು 3.5, ಹಾಗೇ 4-4.5, 5-5.5. ನಕ್ಷತ್ರಕ್ಕಿಂತ ದುಡ್ಡು ಜಾಸ್ತಿ. ಆದರೂ ಒಂದೇ ಒಂದು ವಸ್ತು ಕೊಳ್ಳೋಕೆ ದುಡ್ಡಿದ್ದರೆ ಇದನ್ನೇ ಕೊಳ್ಳಿ ಅಂತ ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಕಾರಣ, ಅದು ಬರೀ ಗೇಜ್ ಅಲ್ಲ, ಜೊತೆಗೊಂದು ಪಟ್ಟಿ ಬರುತ್ತದೆ. ಮೊದಲು ಮಾಡೆಲ್ ಮೇಲೆ ಪೂರ್ತಿ ಹುಟ್ಟಿದ ಹಲ್ಲುಗಳ ಎತ್ತರ ಅಳೆದು, ಅರ್ಧ ಮಾಡಿ, ಆ ಬಾಯಿ ಪಟ್ಟಿಯ ಯಾವ ಸಾಲಿಗೆ ಹತ್ತಿರ ಅಂತ ನೋಡಬೇಕು. ಸಾಧಾರಣ ಅಳತೆಯ ಬಾಯಿಗೆ ಮೇಲಿನ ಮೊದಲ ಬಾಚಿಹಲ್ಲು 5, ಎರಡನೆಯದು 4.5, ಕೋರೆ 5, ಪ್ರೀಮೋಲಾರ್ 4.5 ಮತ್ತು 4, ಮೋಲಾರ್ 3 ಮತ್ತು 2. ಸಣ್ಣ ಹಲ್ಲಿನವರಿಗೆ ಇಡೀ ಸಾಲೇ ಅರ್ಧ ಮಿ.ಮೀ. ಇಳಿಯುತ್ತದೆ, ಕೊನೆಯ ಮೋಲಾರ್ ಮಾತ್ರ 2ರಲ್ಲೇ ಇರುತ್ತದೆ. ಹಲ್ಲುಹಲ್ಲಿಗೂ ಹೊಸದಾಗಿ ಯೋಚಿಸಬೇಕಿಲ್ಲ, ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ. ಒಸಡು ಊದಿ ಅರ್ಧ ಹಲ್ಲು ಮುಚ್ಚಿಹೋಗಿರುವ ಹದಿಮೂರು ಹದಿನಾಲ್ಕರ ಮಕ್ಕಳಲ್ಲಿ ಹಲ್ಲಿನ ನಡು ಎಲ್ಲಿ ಅಂತ ಕಣ್ಣಳತೆಯಲ್ಲಿ ಹುಡುಕೋದು ತಪ್ಪಿನ ದಾರಿ, ಅಲ್ಲಿ ಈ ಪಟ್ಟಿ ನಿಜವಾಗಿಯೂ ಕೈ ಹಿಡಿಯುತ್ತದೆ.

ಹಿಡಿಯೋದರಲ್ಲಿ ಒಂದು ಕ್ರಮ ಇದೆ, ಇದನ್ನು ತಪ್ಪಿಸುವವರೇ ಜಾಸ್ತಿ. ಬಾಚಿಹಲ್ಲಿಗೆ ಗೇಜ್ ಹಲ್ಲಿನ ಮುಂಭಾಗಕ್ಕೆ 90 ಡಿಗ್ರಿಯಲ್ಲಿ ಇರಬೇಕು. ಮುಂದಕ್ಕೆ ಬಾಗಿದ ಹಲ್ಲಾದರೆ ಗೇಜ್ ಕೂಡ ಅದಕ್ಕೆ ತಕ್ಕ ಹಾಗೆ ವಾಲಬೇಕು. ಕೋರೆ ಮತ್ತು ಪ್ರೀಮೋಲಾರ್‌ಗೆ ಹಲ್ಲುಗಳು ಕಚ್ಚುವ ಮಟ್ಟಕ್ಕೆ ಸಮನಾಗಿ. ಮೋಲಾರ್‌ಗೆ ಆ ಒಂದು ಹಲ್ಲಿನ ಮೇಲ್ಮೈಗೆ ಸಮನಾಗಿ. ಎಲ್ಲದಕ್ಕೂ ಒಂದೇ ಥರ ಹಿಡಿದು, ಗೇಜ್ ಸರಿ ಇಲ್ಲ ಅಂದರೆ ಅದು ಗೇಜ್‌ನ ತಪ್ಪಲ್ಲ.

ನಾನು ಮಾಡೋದು ಹೀಗೆ. ಟ್ವೀಜರ್‌ನಲ್ಲಿ ಬ್ರ್ಯಾಕೆಟ್ ಹಿಡಿದು, ತಳಕ್ಕೆ ಅಂಟು ಹಚ್ಚಿ, ಹಲ್ಲಿನ ನಡುವಿಗೆ ಮೆತ್ತಗೆ ಇಡುತ್ತೇನೆ, ಒತ್ತೋದಿಲ್ಲ. ಸ್ಕೇಲರ್ ತುದಿಯಿಂದ ಓರೆ ಸರಿ ಮಾಡುತ್ತೇನೆ. ಬ್ರ್ಯಾಕೆಟ್‌ನ ಒಂದು ಮೂಲೆಯಲ್ಲಿರೋ ಬಣ್ಣದ ಚುಕ್ಕೆ ಒಸಡಿನ ಕಡೆ, ಹಿಂದಿನ ಮೂಲೆಗೆ ಇದೆಯಾ ನೋಡುತ್ತೇನೆ. ಆಮೇಲೆ ಗೇಜ್. ಸ್ಲಾಟ್ ಒಳಗೆ ಗೇಜ್ ಕೂತಾಗ ಕೈಗೆ ಒಂದು ಸಣ್ಣ ಹಿಡಿತ ಸಿಗುತ್ತದೆ, ಬೀಗದ ಕೈ ಸರಿಯಾದ ಬೀಗದಲ್ಲಿ ಕೂತ ಹಾಗೆ. ಆಗ ಒತ್ತಬೇಕು. ಸುತ್ತಲೂ ಉಕ್ಕಿದ ಅಂಟು ಬಿಡಿಸಿ, ಮತ್ತೊಮ್ಮೆ ಗೇಜ್ ಇಟ್ಟು ನೋಡಿ, ಆಮೇಲೆ ಅಂಟು ಗಟ್ಟಿ ಮಾಡೋ ಲೈಟ್. ಈ ಎರಡನೇ ಸಲದ ಗೇಜ್ ಬಿಡಲೇಬಾರದು, ಯಾಕೆಂದರೆ ಅಂಟು ಬಿಡಿಸುವಾಗ ಬ್ರ್ಯಾಕೆಟ್ ಕಾಲು ಮಿ.ಮೀ. ಜಾರೋದು ನಮಗೆ ಗೊತ್ತೇ ಆಗೋದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು ನಲವತ್ತು ದಾಟಿದಾಗ ಅಂಟು, ಅಂದರೆ ಕಾಂಪೊಸಿಟ್, ತೆಳ್ಳಗಾಗಿ ಬ್ರ್ಯಾಕೆಟ್ ಇನ್ನೂ ಬೇಗ ಜಾರುತ್ತದೆ. ಬೇಸಿಗೆಯಲ್ಲಿ ನಾನು ಎರಡೆರಡು ಹಲ್ಲಿಗೇ ಲೈಟ್ ಹಿಡಿದು ಮುಂದೆ ಹೋಗುತ್ತೇನೆ, ಐದಾರು ಹಲ್ಲಿಗೆ ಅಂಟಿಸಿ ಕಾಯೋದಿಲ್ಲ.

ಟ್ವೀಜರ್ ವಿಷಯ ಬಂತಲ್ಲ, ಒಂದೇ ಮಾತು: ಒತ್ತಿದರೆ ಬಾಯಿ ಬಿಡುವ, ಬಿಟ್ಟರೆ ಹಿಡಿದುಕೊಳ್ಳುವ ರಿವರ್ಸ್ ಟ್ವೀಜರ್ ತಗೊಳ್ಳಿ. ಬೆರಳು ನಡುಗಿದರೂ ಬ್ರ್ಯಾಕೆಟ್ ಬೀಳೋದಿಲ್ಲ.

ನಮ್ಮ ನೀರು, ನಮ್ಮ ಹಲ್ಲು

ಬೆಂಗಳೂರಿನ ಕೋರ್ಸ್‌ಗಳಲ್ಲಿ ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಇಲ್ಲಿಗೆ ಬಂದ ಮೇಲೆ ಕಲಿತಿದ್ದು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ, ರಾಯಚೂರು ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಲ್ಲು ಒಳಗೆ ಬೆಳೆಯೋ ವಯಸ್ಸಿನಲ್ಲಿ ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ, ಹಳದಿ, ಕಂದು ಪಟ್ಟೆ ಬರುತ್ತವೆ. ಜೋರಾಗಿದ್ದರೆ ಹಲ್ಲಿನ ಹೊರಪದರ ಎನಾಮಲ್‌ನಲ್ಲಿ ಗುಳಿ ಬಿದ್ದು ಅಂಚು ಚಕ್ಕೆ ಏಳುತ್ತದೆ. ಇದಕ್ಕೇ ಫ್ಲೋರೋಸಿಸ್ ಅನ್ನೋದು.

ಇದು ಗೇಜ್‌ಗೆ ಏನು ಸಂಬಂಧ ಅಂತೀರಾ? ಗೇಜ್ ಅಳೆಯೋದೇ ಅಂಚಿನಿಂದ. ಅಂಚೇ ಮುಕ್ಕಾಗಿದ್ದರೆ ಅಳತೆ ಎಲ್ಲಿಂದ? ಒಂದು ಬಾಚಿಹಲ್ಲಿನ ಅಂಚು ಮುಕ್ಕಾಲು ಮಿ.ಮೀ. ಉದುರಿದೆ ಅಂದುಕೊಳ್ಳಿ, ನೀವು ಗೇಜ್ ನಂಬಿ 5ಕ್ಕೆ ಇಟ್ಟರೆ ಬ್ರ್ಯಾಕೆಟ್ ನಿಜವಾಗಿ 5.75ರಲ್ಲಿ ಕೂತಿದೆ. ಮುಕ್ಕಾದ ಅಂಚು ಪಕ್ಕದ ಹಲ್ಲಿನ ಅಂಚಿಗೆ ಸಮ ಆಗುತ್ತದೆ ನಿಜ, ಆದರೆ ಹಲ್ಲು ಅಷ್ಟೂ ಕೆಳಗೆ ಇಳಿದು ಒಸಡಿನ ಸಾಲು ಏರುಪೇರಾಗುತ್ತದೆ. ಹಾಗಾಗಿ ಮೊದಲೇ ತೀರ್ಮಾನ ಮಾಡಿ. ಆಮೇಲೆ ಕಾಂಪೊಸಿಟ್‌ನಲ್ಲಿ ಅಂಚು ಕಟ್ಟುವುದಾದರೆ ಈಗಲೇ ಕಟ್ಟಿ, ಆ ಅಂಚಿನಿಂದ ಅಳೆಯಿರಿ. ಸಣ್ಣ ಮುಕ್ಕು, ಸುಮ್ನೆ ತಿಕ್ಕಿ ಸಮ ಮಾಡಬಹುದು ಅಂದರೆ ತಿಕ್ಕಿದ ಮೇಲೆ ಅಳೆಯಿರಿ. ಎರಡೂ ಆಗದಿದ್ದರೆ ಜೋಡಿ ಹಲ್ಲು ನೋಡಿ ಅಂಚು ಎಲ್ಲಿರಬೇಕಿತ್ತು ಅಂತ ಮಾಡೆಲ್ ಮೇಲೆ ಪೆನ್ಸಿಲ್ ಗೆರೆ ಎಳೆದು, ಎಷ್ಟು ಕಳೆಯಬೇಕು ಅಂತ ಬರೆದಿಟ್ಟುಕೊಳ್ಳಿ.

ಇನ್ನೊಂದು, ಇಂಥ ಎನಾಮಲ್‌ನಲ್ಲಿ ಅಂಟು ಕಚ್ಚಿಕೊಳ್ಳಲಿ ಅಂತ ಮೊದಲು ಹಚ್ಚೋ ಆ್ಯಸಿಡ್ ಸುಲಭಕ್ಕೆ ಹಿಡಿಯೋದಿಲ್ಲ. 37 ಪರ್ಸೆಂಟ್ ಫಾಸ್ಫಾರಿಕ್ ಆ್ಯಸಿಡ್‌ನ ನೀಲಿ ಜೆಲ್ ಸಾಮಾನ್ಯ ಹಲ್ಲಿಗೆ 30 ಸೆಕೆಂಡ್ ಸಾಕು. ತೊಳೆದು ಒಣಗಿಸಿದರೆ ಮಂಕು ಬಿಳಿ ಕಂಡು, ಹಿಡಿಯಿತು ಅಂತ ಗೊತ್ತಾಗುತ್ತದೆ. ಫ್ಲೋರೋಸಿಸ್ ಹಲ್ಲು ಮೊದಲೇ ಮಂಕು ಬಿಳಿ ಇರುತ್ತದೆ, ಆ ಗುರುತು ನಂಬೋ ಹಾಗಿಲ್ಲ. ನಾನು ಹೊತ್ತು ಜಾಸ್ತಿ ಬಿಡುತ್ತೇನೆ. ಹಾಗೆ ಮಾಡಿದರೂ ಕೆಲವು ಬ್ರ್ಯಾಕೆಟ್ ಬೀಳುತ್ತವೆ. ಬಿದ್ದರೆ ಅದೇ ಜಾಗಕ್ಕೆ ವಾಪಸ್ ಕೂರಿಸಬೇಕು, ಮುಂದೆ ಟ್ರೇ ವಿಷಯ ಓದುವಾಗ ಇದನ್ನು ನೆನಪಿಡಿ.

ಇಂಡೈರೆಕ್ಟ್ ಬಾಂಡಿಂಗ್: ಬಾಯಲ್ಲಿ ಅಲ್ಲ, ಮಾಡೆಲ್ ಮೇಲೆ

ಸಿಲ್ವರ್‌ಮನ್ ಮತ್ತು ಕೋಹೆನ್ 1972ರಲ್ಲಿ ತೋರಿಸಿದ ದಾರಿ ಇದು. ಅಚ್ಚು ತೆಗೆದು ಮಾಡೆಲ್ ಮಾಡಿ, ಬ್ರ್ಯಾಕೆಟ್‌ಗಳನ್ನೆಲ್ಲ ಮಾಡೆಲ್ ಮೇಲೆ ನಿಧಾನವಾಗಿ ಕೂರಿಸಿ, ಮೇಲೊಂದು ಟ್ರೇ ಹಾಕಿ, ಆ ಟ್ರೇ ಸಮೇತ ಬಾಯಿಗೆ ಸಾಗಿಸೋದು. ಎಂಜಲಿಲ್ಲ, ನಾಲಿಗೆ ಅಡ್ಡ ಬರೋದಿಲ್ಲ, ಮಾಡೆಲ್ ತಿರುಗಿಸಿ ಯಾವ ಕಡೆಯಿಂದ ಬೇಕಾದರೂ ನೋಡಬಹುದು. ರಾತ್ರಿ ಮನೆಯಲ್ಲಿ ಟೇಬಲ್ ಲ್ಯಾಂಪ್ ಕೆಳಗೆ ಕೂತು ಎರಡನೇ ಪ್ರೀಮೋಲಾರ್ ಮೇಲೆ ಹತ್ತು ನಿಮಿಷ ಕಳೆದರೂ ಕೇಳುವವರಿಲ್ಲ. ಬಾಯೊಳಗೆ ಆ ಹಲ್ಲಿಗೆ ಒಂದು ನಿಮಿಷ ಸಿಕ್ಕರೆ ಜಾಸ್ತಿ.

ಹಾಗಂತ ಇಂಡೈರೆಕ್ಟ್ ಅಂದರೆ ತಾನಾಗಿಯೇ ಸರಿಯಾಗುತ್ತದೆ ಅನ್ನೋ ನಂಬಿಕೆ ಬೇಡ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಎತ್ತರದಲ್ಲಿ ಇಂಡೈರೆಕ್ಟ್ ಸ್ವಲ್ಪ ಮೇಲು ಅಂತ ಕಂಡಿದ್ದುಂಟು, ಓರೆ ಮತ್ತು ಎಡಬಲದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಮಾಡೆಲ್ ಮೇಲೂ ಗೇಜ್ ಇಡಲೇಬೇಕು. ಮಾಡೆಲ್ ಮೇಲೆ ತಪ್ಪಿದರೆ ಟ್ರೇ ಆ ತಪ್ಪನ್ನೇ ಜೋಪಾನವಾಗಿ ಬಾಯಿಗೆ ಒಯ್ಯುತ್ತದೆ.

ಟ್ರೇಗಳಲ್ಲಿ ನಾನು ಬಳಸಿ ನೋಡಿದ್ದು ಮೂರು. ಪುಟ್ಟಿ ಸಿಲಿಕಾನ್ ಎಲ್ಲಾ ಕ್ಲಿನಿಕ್‌ನಲ್ಲೂ ಇರುತ್ತದೆ, ಕೈಯಲ್ಲೇ ಕಲಸಿ ಒತ್ತಬಹುದು, ಆದರೆ ಬೆಳಕು ಆಚೆ ಹೋಗೋದಿಲ್ಲ. ಹಾಗಾಗಿ ತಾನಾಗಿ ಗಟ್ಟಿಯಾಗೋ ಅಂಟು ಬೇಕು, ಗಟ್ಟಿಯಾಗುವವರೆಗೆ ಕೈ ಅಲ್ಲಾಡದೆ ಹಿಡಿಯಬೇಕು. ವ್ಯಾಕ್ಯೂಮ್ ಶೀಟ್ ಪಾರದರ್ಶಕ, ಲೈಟ್ ಹಿಡಿಯಬಹುದು, ಮೆತ್ತನೆ ಶೀಟಾದರೆ ತೆಗೆಯೋದು ಸಲೀಸು. ಅದಕ್ಕೆ ಮಷಿನ್ ಬೇಕು. ಮೂರನೆಯದು ಗ್ಲೂ ಗನ್, ಹೌದು, ಮಕ್ಕಳ ಕ್ರಾಫ್ಟ್‌ಗೆ ಬಳಸೋದೇ. ಬ್ರ್ಯಾಕೆಟ್ ಮೇಲೆ ಬಿಸಿ ಅಂಟು ಸುರಿದರೆ ತಣ್ಣಗಾಗಿ ಟ್ರೇ ಆಗುತ್ತದೆ, ಬೆಳಕೂ ಸಾಕಷ್ಟು ದಾಟುತ್ತದೆ, ಖರ್ಚು ಬಹಳ ಕಮ್ಮಿ. ಸಣ್ಣ ಊರಿನ ಕ್ಲಿನಿಕ್‌ಗೆ ನನಗೆ ಇದೇ ಇಷ್ಟ. ಇಡೀ ಸಾಲಿಗೆ ಒಂದೇ ಟ್ರೇ ಮಾಡದೆ ಮೂರು ತುಂಡು ಮಾಡಿ, ಒಂದು ಕಡೆ ಎಂಜಲು ತಾಗಿದರೆ ಅಷ್ಟೇ ಹಾಳಾಗುತ್ತದೆ.

ಅಚ್ಚಿನ ಬಗ್ಗೆ ಎಚ್ಚರ. ಅಚ್ಚು ತೆಗೆಯೋ ಆಲ್ಜಿನೇಟ್ ಒಣಗಿದರೆ ಕುಗ್ಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಗಂಗಾವತಿಯಲ್ಲಿ ಅಚ್ಚು ತೆಗೆದು ಬಳ್ಳಾರಿಗೆ ತಂದು ಸ್ಟೋನ್ (ಮಾಡೆಲ್ ಮಾಡೋ ಗಟ್ಟಿ ಪ್ಲಾಸ್ಟರ್) ಸುರಿಯೋಣ ಅಂದರೆ ಆ ಮಾಡೆಲ್ ಮೇಲೆ ಮಾಡಿದ ಟ್ರೇ ಬಾಯಿಗೆ ಕೂರೋದಿಲ್ಲ. ಅಲ್ಲೇ, ಆಗಲೇ ಸುರಿಯಿರಿ. ಮತ್ತೆ ಅಚ್ಚು ತೆಗೆದ ದಿನಕ್ಕೂ ಅಂಟಿಸೋ ದಿನಕ್ಕೂ ನಡುವೆ ಬಹಳ ದಿನ ಬಿಡಬೇಡಿ. ಜಾಗಕ್ಕಾಗಿ ಹಲ್ಲು ಕೀಳಿಸಿದ್ದರೆ ಪಕ್ಕದವು ಜರುಗಿರುತ್ತವೆ. ಹತ್ತಿ ಬಿಡಿಸೋ ಕಾಲದಲ್ಲಿ, ಭತ್ತದ ಕಟಾವಿನಲ್ಲಿ ಹೇಳಿದ ದಿನಕ್ಕೆ ಬರೋಕೆ ಎಷ್ಟೋ ಮನೆಯವರಿಗೆ ಆಗೋದಿಲ್ಲ, ಅವರನ್ನು ದೂರಿ ಪ್ರಯೋಜನ ಇಲ್ಲ. ಅಂಥ ಪೇಷೆಂಟ್‌ಗೆ ಅದೇ ದಿನ ಬಾಯಲ್ಲೇ ನೇರ ಅಂಟಿಸೋದು ವಾಸಿ.

ಪ್ರಿಂಟ್ ಮಾಡಿದ ಟ್ರೇ

ಬಾಯಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಬ್ರ್ಯಾಕೆಟ್ ಕೂರಿಸಿ, ಬ್ರ್ಯಾಕೆಟ್ ಹಿಡಿಸೋ ಗೂಡುಗಳಿರೋ ಟ್ರೇಯನ್ನು 3ಡಿ ಪ್ರಿಂಟ್ ಮಾಡೋದು. ಆಲ್ಜಿನೇಟ್‌ನ ತಾಪತ್ರಯ ಇಲ್ಲ. ಸ್ಕ್ರೀನ್ ಮೇಲೆ ಹಲ್ಲನ್ನು ಕೈಯಗಲ ದೊಡ್ಡದು ಮಾಡಿ ನೋಡಬಹುದು, ಅಂಚು ಮುಕ್ಕಾದ ಹಲ್ಲಿಗೆ ಇಲ್ಲದ ಅಂಚನ್ನು ಬರೆದು ಅಲ್ಲಿಂದ ಅಳೆಯಬಹುದು. ಫ್ಲೋರೋಸಿಸ್ ಹಲ್ಲಿಗೆ ಇದು ದೊಡ್ಡ ಉಪಕಾರ. ಕೆಲವು ಸಾಫ್ಟ್‌ವೇರ್‌ನಲ್ಲಿ ಹಲ್ಲು ಕೊನೆಗೆ ಎಲ್ಲಿ ನಿಲ್ಲಬೇಕು ಅಂತ ಮೊದಲು ಜೋಡಿಸಿ, ಅಲ್ಲಿಂದ ಹಿಂದಕ್ಕೆ ಬ್ರ್ಯಾಕೆಟ್‌ನ ಜಾಗ ತೆಗೆಯಬಹುದು.

ಆದರೆ ಟ್ರೇ ಎಷ್ಟು ನಿಖರ ಇದ್ದರೂ ಅಂಟಿಸೋದು ಅದೇ ಒದ್ದೆ ಬಾಯಲ್ಲಿ, ಅದೇ ಎನಾಮಲ್ ಮೇಲೆ. ಜೊತೆಗೆ, ಟ್ರೇ ಕೆಳಗೆ ಉಕ್ಕಿದ ಅಂಟು ಕಾಣೋದಿಲ್ಲ. ಬಿಡಿಸದೆ ಬಿಟ್ಟರೆ ಅಲ್ಲೇ ಕೊಳೆ ಕೂತು ಒಸಡು ಊದುತ್ತದೆ. ಸ್ಕ್ಯಾನರ್ ನಿಮ್ಮದಲ್ಲದಿದ್ದರೆ ಲ್ಯಾಬ್ ಇರೋದು ದೂರದ ಊರಿನಲ್ಲಿ, ಕೊರಿಯರ್ ಬರೋವರೆಗೆ ಕಾಯಬೇಕು. ಬಳ್ಳಾರಿ, ರಾಯಚೂರು ನಗರದಲ್ಲಿ ಒಂದೇ ಕಡೆ ಕೂತು ತಿಂಗಳಿಗೆ ಸಾಕಷ್ಟು ಹೊಸ ಕೇಸ್ ನೋಡುವವರಿಗೆ ಸ್ಕ್ಯಾನರ್ ಇದ್ದರೆ ಖಂಡಿತ ಮಾಡಿ. ಊರೂರು ಓಡಾಡುವವರು ಇದಕ್ಕೆ ದುಡ್ಡು ಹಾಕೋ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಬ್ರ್ಯಾಕೆಟ್ ಬಿದ್ದ ದಿನ ನಾನು ಆ ಊರಿನಲ್ಲಿ ಇರುತ್ತೇನಾ?

ನಾನು ಇರೋದಿಲ್ಲ. ಒಂದು ಊರಿಗೆ ನನ್ನ ಸರದಿ ತಿಂಗಳಿಗೆ ಎರಡು ಸಲ. ನಡುವೆ ಬಿದ್ದದ್ದನ್ನು ಅಂಟಿಸೋದು ಅಲ್ಲಿನ ಡಾಕ್ಟರು, ಆಗ ಯಾವ ಟ್ರೇಯೂ ಅವರ ಕೈಯಲ್ಲಿ ಇರೋದಿಲ್ಲ. ಅದಕ್ಕೇ ಈಗ ನಾನು ಹೋಗುವ ಪ್ರತಿ ಕ್ಲಿನಿಕ್‌ನಲ್ಲೂ ಒಂದು ಎಂಬಿಟಿ ಸೆಟ್ ಇಟ್ಟಿದ್ದೇನೆ, ಕ್ಯಾಲಿಪರ್‌ನಲ್ಲಿ ಅಳೆದು ನೋಡಿದ್ದು. ಕೇಸ್ ಪೇಪರ್‌ನ ಮೊದಲ ಪುಟದಲ್ಲೇ, ಔಷಧಿಗಿಂತ ಮೇಲೆ, ಹಲ್ಲಿನ ಸಾಲು ಬರೆದು ಒಂದೊಂದರ ಕೆಳಗೂ ಅದರ ಎತ್ತರ ಬರೆಯುತ್ತೇನೆ. ಅಂಚು ಮುಕ್ಕಾಗಿದ್ದರೆ ಆ ಅಂಕಿಗೆ ಸುತ್ತು ಹಾಕಿ ಎಷ್ಟು ಕಳೆದಿದ್ದೇನೆ ಅಂತ ಪಕ್ಕದಲ್ಲಿ.

ಕೊಪ್ಪಳದ ಆ ಹುಡುಗಿಯ ಬ್ರ್ಯಾಕೆಟ್ ಅವತ್ತೇ ತೆಗೆದು 4.5ಕ್ಕೆ ಕೂರಿಸಿ, ಮತ್ತೆ ತೆಳು ನೈಟೈ (ನಿಕಲ್-ಟೈಟಾನಿಯಂ) ವೈರ್‌ಗೆ ಇಳಿದೆವು. ಮುಂದಿನ ಸರದಿಗೆ ತಾಯಿ ಬಂದಾಗ ಕುರ್ಚಿಯ ಪಕ್ಕ ನಿಂತು, ನಾನು ಗೇಜ್ ಇಡೋದನ್ನೇ ನೋಡುತ್ತಾ, "ಎಷ್ಟೈತ್ರಿ ಈಗ?" ಅಂತ ಕೇಳಿದರು. ನಾಲ್ಕೂವರೆ ಅಂದೆ. "ಆ ಕಡೆದೂ ಅಷ್ಟ ಐತೇನ್ರಿ?" ಅಂದರು. ಬಲಗಡೆಯೂ ಇಟ್ಟು ತೋರಿಸಿದೆ.